ತರಗೆಲೆ ಚಿಟ್ಟೆಗೆ ಕೊಳೆತ ಹಣ್ಣಿನ ಕೊರಡು

ಹೂವಿನ ಗಿಡ ಎಷ್ಟೇ ನೆಟ್ಟರೂ ಈ ಚಿಟ್ಟೆ ಅಂಗಳಕ್ಕೆ ಇಳಿಯುವುದು ಅಪರೂಪ. ಅದಕ್ಕೆ ಬೇಕಾಗಿರುವುದು ಕೊಳೆತ ಹಣ್ಣು, ಇಲ್ಲಾ ಮರದ ತೊಗಟೆ ಒಡೆದು ಒಸರುವ ರಸ. ಇಂಗ್ಲಿಷಿನಲ್ಲಿ ಬ್ಲೂ ಓಕ್‌ಲೀಫ್, ಶಾಸ್ತ್ರದ ಹೆಸರು ಕ್ಯಾಲಿಮಾ ಹಾರ್ಸ್‌ಫೀಲ್ಡಿ. ನಾನು ಸುಮ್ನೆ ತರಗೆಲೆ ಚಿಟ್ಟೆ ಅಂತೀನಿ. ಪಶ್ಚಿಮ ಘಟ್ಟದ ಕಾಡಿನದು. ರೆಕ್ಕೆ ಮುಚ್ಚಿ ಕೂತರೆ ಒಣಗಿದ ಎಲೆ, ಬಿಚ್ಚಿದರೆ ಕಡುನೀಲಿ, ಮುಂದಿನ ರೆಕ್ಕೆಯ ಮೇಲೆ ಓರೆಯಾಗಿ ಒಂದು ಬಿಳಿಚು ಪಟ್ಟಿ. ಶಿರಸಿ ಕಡೆಯ ನಮ್ಮ ಸೊಪ್ಪಿನ ಬೆಟ್ಟದಲ್ಲಿ, ಅಂದರೆ ಅಡಿಕೆ ತೋಟಕ್ಕೆ ಸೊಪ್ಪು ತರುವ ಕಾಡಿನಲ್ಲಿ, ಇದು ಇದೆ ಅಂತ ಗೊತ್ತಿತ್ತು, ಆದರೆ ನೋಡುವುದು ಅಂದರೆ ಹೇಗೆ ಹೇಳಿ, ಕಾಲ ಬುಡದಿಂದ ನೀಲಿ ಮಿಂಚಿ ಎದ್ದು, ಅಡ್ಡಾದಿಡ್ಡಿ ಹಾರಿ, ಸ್ವಲ್ಪ ಆಚೆ ಯಾವುದೋ ಪೊದೆಯೊಳಗೆ ಬಿದ್ದರೆ ಅಲ್ಲಿಗೆ ಮುಗಿಯಿತು. ಹೋಗಿ ಹುಡುಕಿದರೆ ಸಿಗುವುದು ಬರೀ ದರಕು, ಉದುರಿದ ಒಣ ಎಲೆ.

ಅದಕ್ಕೇ ಒಂದು ಹಣ್ಣಿನ ಕೊರಡು ಮಾಡಿ ನೇತುಹಾಕಿದೆ. ಹೇಗೆ ಮಾಡಿದೆ, ಏನೇನು ಕಿತ್ತುಹೋಯಿತು, ಹೇಗೆ ಸರಿಮಾಡಿದೆ ಅಂತ ಬರೆದಿಡುತ್ತಿದ್ದೇನೆ. ಕಾಡಿನ ಅಂಚಿನಲ್ಲಿ ಮನೆ ಇರುವ ಯಾರು ಬೇಕಾದರೂ ಮಾಡಬಹುದು. ಖರ್ಚು ಹೆಚ್ಚೇನಿಲ್ಲ, ವಾಸನೆ ಮಾತ್ರ ಜಾಸ್ತಿ.

ಬಲೆ ಬೇಡ

ಹಣ್ಣು ಹೀರುವ ಚಿಟ್ಟೆಗಳ ಬಗ್ಗೆ ಸಂಶೋಧನೆ ಮಾಡುವವರು ವ್ಯಾನ್ ಸೊಮೆರೆನ್–ರೈಡನ್ ಬಲೆ ಅಂತ ಒಂದನ್ನು ಬಳಸುತ್ತಾರೆ. ಪರದೆ ಬಟ್ಟೆಯ ಉದ್ದನೆಯ ಕೊಳವೆ, ಮೇಲ್ಗಡೆ ಮುಚ್ಚಿರುತ್ತದೆ. ಕೆಳಗೆ ಒಂದು ಹಲಗೆ ನೇತಾಡುತ್ತದೆ, ಹಲಗೆಗೂ ಪರದೆಗೂ ನಡುವೆ ಎರಡು ಮೂರು ಬೆರಳಿನಷ್ಟು ಸಂದು. ಚಿಟ್ಟೆ ಆ ಸಂದಿನಲ್ಲಿ ನುಸುಳಿ ಬಂದು ಹಲಗೆಯ ಮೇಲಿನ ಹಣ್ಣು ಹೀರುತ್ತದೆ, ಹೊರಡುವಾಗ ಮಾತ್ರ ಮೇಲಕ್ಕೇ ಹಾರುತ್ತದೆ. ಬಂದ ಸಂದಿನಲ್ಲೇ ಹೊರಗೆ ಹೋಗುವುದು ಅದಕ್ಕೆ ಹೊಳೆಯುವುದು ಕಡಿಮೆ. ಇಡೀ ಬಲೆ ನಿಂತಿರುವುದು ಇದೊಂದರ ಮೇಲೆ. ಪೂರ್ವ ಆಫ್ರಿಕಾದಲ್ಲಿ ಇಂಥ ಬಲೆ ಬಳಸುವ ಬಗೆಯನ್ನು ರೈಡನ್ 1964ರಲ್ಲಿ ಬರೆದಿಟ್ಟರು.

ಒಳ್ಳೆಯ ಉಪಾಯವೇ. ಆದರೆ ನಮ್ಮಂಥವರಿಗೆ ಬೇಡ. ಬಲೆಯೊಳಗೆ ಸಿಕ್ಕಿದ ಚಿಟ್ಟೆ ರೆಕ್ಕೆ ಬಡಿದು ಬಡಿದು ಹರಿದುಕೊಳ್ಳುತ್ತದೆ, ಇರುವೆ ಹತ್ತಿದರೆ ಒಳಗೇ ಸಾಯುತ್ತದೆ, ಜೊತೆಗೆ 1972ರ ವನ್ಯಜೀವಿ ಕಾಯ್ದೆಯ ಪಟ್ಟಿಗಳಲ್ಲಿ ಚಿಟ್ಟೆಗಳೂ ಇವೆ, ಕಾಡಿನಲ್ಲಿ ಹಿಡಿಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು. ನನಗೆ ಬೇಕಿದ್ದದ್ದು ನೋಡುವುದು. ಹಾಗಾಗಿ ಪರದೆ ಬಿಟ್ಟು ಹಣ್ಣು ಮಾತ್ರ ಉಳಿಸಿಕೊಂಡೆ.

ತಟ್ಟೆ ಬಿಟ್ಟು ಕೊರಡು ಯಾಕೆ

ಚಿಟ್ಟೆಗೆ ಆಹಾರ ಇಡುವುದು ಅಂದರೆ ತಟ್ಟೆಯಲ್ಲಿ ಸ್ಪಾಂಜು, ಸಕ್ಕರೆ ನೀರು ಅಂತಲೇ ಹೆಚ್ಚಿನವರು ಹೇಳುತ್ತಾರೆ. ಅದು ಹೂವಿನ ಚಿಟ್ಟೆಗೆ ಸರಿ. ಹಣ್ಣು, ಮರದ ರಸ ಹೀರುವ ಜಾತಿಗಳ ಸೊಂಡಿಲು ಬೇರೆ ಥರ. ತುದಿಯಲ್ಲಿ ಸಣ್ಣ ಸಣ್ಣ ಎಳೆಗಳು ಒತ್ತಾಗಿ ಎದ್ದಿರುತ್ತವೆ, ಸುಣ್ಣ ಹೊಡೆಯುವ ಕುಂಚದ ಹಾಗೆ. ಆಳದಲ್ಲಿರುವ ರಸವನ್ನು ಹೀರುವುದಕ್ಕಿಂತ, ಒದ್ದೆಯಾದ ಮೈಮೇಲೆ ತುದಿ ಆಡಿಸಿ ತೆಳು ಪದರದ ರಸವನ್ನು ಒರೆಸಿಕೊಳ್ಳುವುದಕ್ಕೆ ಮಾಡಿಸಿದ್ದು ಅದು. ಅಂದಮೇಲೆ ಬಟ್ಟಲಿನಲ್ಲಿ ರಸ ನಿಲ್ಲಿಸಿ ಏನು ಉಪಯೋಗ? ಬೇಕಾಗಿರುವುದು ಒರಟಾದ, ಸದಾ ಒದ್ದೆ ಇರುವ ಮೈ. ಇನ್ನೊಂದು ವಿಷಯ, ಇದು ಮರದ ಕಾಂಡದ ಮೇಲೆ ತಲೆ ಕೆಳಗಾಗಿ ಕೂರುವುದನ್ನು ಇಷ್ಟಪಡುವ ಚಿಟ್ಟೆ. ಮಲಗಿಸಿದ ತಟ್ಟೆಗಿಂತ ನಿಂತ ಕೊರಡೇ ವಾಸಿ.

ಕೊರಡಿಗೆ ಮತ್ತಿ ಮರದ ಬಿದ್ದ ಕೊಂಬೆ ಆರಿಸಿದೆ. ಮತ್ತಿಯ ತೊಗಟೆ ದಪ್ಪ, ಚೌಕ ಚೌಕವಾಗಿ ಆಳಕ್ಕೆ ಬಿರಿದಿರುತ್ತದೆ, ಆ ಬಿರುಕಿನಲ್ಲಿ ಹಣ್ಣಿನ ಮುದ್ದೆ ಚೆನ್ನಾಗಿ ಹಿಡಿದು ಕೂರುತ್ತದೆ. ಅಡಿಕೆ ಮರದ ತುಂಡು ಸುಲಭಕ್ಕೆ ಸಿಗುತ್ತದೆ, ಆದರೆ ಮೈ ನುಣುಪು, ರಸ ಜಾರಿ ಹೋಗುತ್ತದೆ. 75 ಸೆಂಟಿಮೀಟರ್ ಉದ್ದ, 12 ಸೆಂಟಿಮೀಟರ್ ದಪ್ಪದ ತುಂಡು ಕತ್ತರಿಸಿಕೊಂಡೆ. 12 ಮಿಲಿಮೀಟರ್ ಬಿಟ್ ಹಾಕಿ ಸುತ್ತಲೂ ಒಂದೊಂದು ಗೇಣಿಗೆ ಎರಡು ಬೆರಳು ಆಳದ ತೂತು, ಮುದ್ದೆ ಕೆಳಗೆ ಬೀಳದಂತೆ ಬಾಯಿ ಸ್ವಲ್ಪ ಮೇಲಕ್ಕಿರುವ ಹಾಗೆ. ಆಮೇಲೆ ಉಳಿ ತಗೊಂಡು ತೂತಿನಿಂದ ತೂತಿಗೆ ತೆಳ್ಳಗೆ ಗೀರು ಎಳೆದೆ. ಮೇಲಿನ ತೂತಿನ ರಸ ಗೀರಿನಲ್ಲಿ ಇಳಿದು ಇಡೀ ಕೊರಡನ್ನು ಒದ್ದೆ ಇಡುತ್ತದೆ. ಈ ಗೀರು ಮುಖ್ಯ. ಇದಿಲ್ಲದಿದ್ದರೆ ಚಿಟ್ಟೆಗಳೆಲ್ಲ ತೂತಿನ ಬಾಯಿಗೇ ಮುತ್ತಿ ಒಂದನ್ನೊಂದು ತಳ್ಳುತ್ತವೆ, ಇದ್ದರೆ ಉದ್ದಕ್ಕೂ ಹರಡಿ ಕೂರುತ್ತವೆ.

ನೇತುಹಾಕಲು ಮೊದಲು ಕೊರಡಿನ ತಲೆಗೆ ಉಂಗುರ ತಲೆಯ ಸ್ಕ್ರೂ ತಿರುಗಿಸಿದ್ದೆ. ರಸ ಇಳಿದು ಮರ ಮೆತ್ತಗಾದ ಮೇಲೆ ಸ್ಕ್ರೂ ಸಮೇತ ಕಿತ್ತುಕೊಂಡು ಬಿತ್ತು. ಈಗ ತಲೆಯಿಂದ ನಾಲ್ಕು ಬೆರಳು ಕೆಳಗೆ ಆಚೆಯಿಂದ ಈಚೆಗೆ ತೂತು ಹೊಡೆದು, ಉದ್ದನೆಯ ಬೋಲ್ಟ್ ತೂರಿಸಿ, ಎರಡೂ ಕಡೆ ದೊಡ್ಡ ವಾಷರ್ ಹಾಕಿ, ಬೋಲ್ಟಿನ ಎರಡು ತುದಿಗೆ ತಂತಿ ಬಿಗಿದು ಮೇಲೆ ಒಂದೇ ಕೊಕ್ಕೆಗೆ ಸೇರಿಸಿದ್ದೇನೆ. ತುಂಡಿನ ಅರ್ಧ ಕೊಳೆತರೂ ಬೋಲ್ಟ್ ಜಗ್ಗುವುದಿಲ್ಲ.

ಮೇಲೆ ಒಂದೂವರೆ ಅಡಿ ಚೌಕದ ತಗಡು, ಮಳೆಗೆ ಮಾಡು. ಬಿಸಿಲಿಗೆ ತಗಡು ಕಾದು ಕೆಳಗಿನ ಹಣ್ಣೆಲ್ಲ ಒಣಗಿ ಚಕ್ಕೆ ಏಳುತ್ತಿತ್ತು, ಅದಕ್ಕೆ ತಗಡಿನ ಮೇಲೆ ಎರಡು ಅಡಿಕೆ ಹಾಳೆ ಕಟ್ಟಿದೆ. ಕೊರಡಿನ ಬುಡಕ್ಕೂ ಅಗಲವಾದ ಒಂದು ಹಾಳೆ, ತೊಟ್ಟಿಕ್ಕುವ ರಸ ಹಿಡಿಯಲು. ಇದು ನಿಜವಾಗಿ ಕಸದ ತಟ್ಟೆ ಅಂತ ಹಾಕಿದ್ದು, ಈಗ ನೋಡಿದರೆ ಸಂಜೆ ಗಿರಾಕಿಗಳೆಲ್ಲ ಅಲ್ಲೇ. ಕಾಮನ್ ಈವ್ನಿಂಗ್ ಬ್ರೌನ್ ಅನ್ನುವ ಕಂದು ಚಿಟ್ಟೆ ಮುಸ್ಸಂಜೆಗೆ ಎದ್ದು ಕೆಳಗಿನ ಹಾಳೆಗೆ ಬರುತ್ತದೆ, ಕೊರಡು ಹತ್ತುವ ತಂಟೆಗೇ ಹೋಗುವುದಿಲ್ಲ.

"ಕೊಳೆತ ಬಾಳೆಹಣ್ಣಿಗೂ ಮನೆ ಕಟ್ಟಿಸ್ತಿದ್ಯಾ ಮಾರಾಯ" ಅಂತ ನಮ್ಮ ಆಯಿ ಕೇಳಿದ್ದು ತಗಡಿನ ಮಾಡು ಹಾಕುವಾಗ.

ಹಣ್ಣಿನ ಮುದ್ದೆ

ಪೂರ್ತಿ ಕಪ್ಪಾದ ಬಾಳೆಹಣ್ಣು ಸಿಪ್ಪೆ ಸಮೇತ ಹಿಸುಕಿ, ಬೆಲ್ಲ ಪುಡಿ ಮಾಡಿ ಹಾಕಿ, ಒಂದು ಚಿಟಿಕೆ ಬ್ರೆಡ್ ಮಾಡುವ ಈಸ್ಟ್ ಬೆರೆಸಿ ಮಡಕೆಯಲ್ಲಿ ಇಡುವುದು. ಬಾಯಿಗೆ ಬಟ್ಟೆ ಕಟ್ಟಿ, ಬಿಗಿ ಮುಚ್ಚಳ ಹಾಕಬೇಡಿ, ಗಾಳಿ ತುಂಬಿ ಉಕ್ಕುತ್ತದೆ. ಬೇಸಿಗೆಯಲ್ಲಿ ಎರಡು ಮೂರು ದಿನಕ್ಕೆ ಕಳ್ಳಿನ ವಾಸನೆ ಬರುತ್ತದೆ, ಅದೇ ಹದ. ಅದನ್ನೂ ದಾಟಿ ವಿನಿಗರ್ ವಾಸನೆ ಬಂದರೆ ಹಣ್ಣಿನ ನೊಣ ಮುತ್ತುತ್ತದೆ, ಚಿಟ್ಟೆ ಕಡಿಮೆ. ಅಂಥದ್ದಕ್ಕೆ ಹೊಸ ಹಣ್ಣು, ಬೆಲ್ಲ ಸೇರಿಸಿ ತಿಳಿ ಮಾಡಿಕೊಳ್ಳುತ್ತೇನೆ. ಹಲಸಿನ ಕಾಲದಲ್ಲಿ ಮಡಕೆಯ ಗೋಜೇ ಇಲ್ಲ, ಮೆತ್ತನೆ ತೊಳೆಯ ಹಲಸು ಬಿದ್ದು ಒಡೆದರೆ ಅದನ್ನೇ ತಂದು ತೊಗಟೆಗೆ ತಿಕ್ಕಿದರಾಯಿತು. ಗೇರುಹಣ್ಣು ಕೊಳೆತದ್ದಕ್ಕೆ ರೆಡ್‌ಸ್ಪಾಟ್ ಡ್ಯೂಕ್ ಬರುತ್ತದೆ. ಕಡು ಹಸಿರುಗಂದು ಮೈ, ಮುಂದಿನ ರೆಕ್ಕೆಯಲ್ಲಿ ಸಣ್ಣ ಕೆಂಪು ಗುರುತು. ಅದನ್ನು ನೋಡಬೇಕು ಅಂದರೆ ಗೇರುಹಣ್ಣೇ ಸೈ.

ಒಂದು ಎಚ್ಚರ. ಅಡಿಕೆಯ ಕೊಳೆ ರೋಗಕ್ಕೆ ತೋಟದಲ್ಲಿ ಬೋರ್ಡೊ ಅಂತ ಮೈಲುತುತ್ತ, ಸುಣ್ಣದ ದ್ರಾವಣ ಹೊಡೆಯುತ್ತೇವಲ್ಲ, ಆ ಹನಿ ಬೀಳುವ ಜಾಗದಲ್ಲಿ ಕೊರಡು ಇರಬಾರದು. ಹೊಡೆಯುವ ದಿನ ಬಿಚ್ಚಿ ಒಳಗಿಟ್ಟುಬಿಡಿ.

ಇರುವೆ, ಮಂಗ, ಕಾಜಾಣ

ಇರುವೆಯಷ್ಟು ಕಾಟ ಬೇರೆ ಯಾವುದೂ ಕೊಟ್ಟಿಲ್ಲ. ತಂತಿ ಮೇಲೆ ಸಾಲುಗಟ್ಟಿ ಬಂದು ಕೊರಡು ಕೆಂಪಗೆ ಮಾಡಿಬಿಡುತ್ತವೆ, ಚಿಟ್ಟೆ ಹತ್ತಿರ ಸುಳಿಯುವುದಿಲ್ಲ. ತಂತಿಗೆ ಗ್ರೀಸ್ ಬಳಿ ಅಂತ ಹೇಳಿದವರಿದ್ದಾರೆ. ಬಿಸಿಲಿಗೆ ಅದು ಕರಗಿ ಕೆಳಗಿಳಿದು ಚಿಟ್ಟೆಯ ಕಾಲಿಗೆ, ರೆಕ್ಕೆಗೆ ಅಂಟುತ್ತದೆ, ಬೇಡ. ನೀರಿನ ಕಂದಕ ಮಾಡಿಕೊಳ್ಳಿ. ಪ್ಲಾಸ್ಟಿಕ್ ಬಾಟಲಿಯ ಮೇಲರ್ಧ ಕತ್ತರಿಸಿ ತಲೆಕೆಳಗು ಮಾಡಿ, ಮುಚ್ಚಳಕ್ಕೆ ತೂತು ಹಾಕಿ ತಂತಿ ಹಾಯಿಸಿ, ತೂತಿನ ಸುತ್ತ ಎಂ-ಸೀಲ್ ಒತ್ತಿ ಒಂದು ರಾತ್ರಿ ಒಣಗಲು ಬಿಡಿ. ನೀರು ತುಂಬಿದರೆ ಇರುವೆ ಮೇಲಿನಿಂದ ಬಂದು ಅಲ್ಲೇ ನಿಲ್ಲುತ್ತದೆ. ಸೊಳ್ಳೆ ಮೊಟ್ಟೆ ಇಡದ ಹಾಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ. ಇದು ತಗಡಿನ ಮಾಡಿಗಿಂತ ಮೇಲಿರಬೇಕು, ತುಳುಕಿದ ಎಣ್ಣೆ ನೀರು ತಗಡಿನ ಮೇಲೆ ಹರಿದುಹೋಗಲಿ ಅಂತ. ಬೇಸಿಗೆಯಲ್ಲಿ ನೀರು ಬೇಗ ಆರುತ್ತದೆ, ಆರಿದ ಗಳಿಗೆಯಲ್ಲೇ ಇರುವೆಗೆ ಹೇಗೋ ಗೊತ್ತಾಗುತ್ತದೆ!

ಕಂದಕಕ್ಕೂ ಬಗ್ಗದ್ದು ಚಗಳಿ ಇರುವೆ. ಪಕ್ಕದ ಎಲೆ ಕೊರಡಿಗೆ ತಾಗುವಷ್ಟು ಬಾಗಿದರೆ ಸಾಕು, ಒಂದರ ಸೊಂಟ ಒಂದು ಹಿಡಿದು ಸೇತುವೆ ಕಟ್ಟಿಕೊಂಡು ಬರುತ್ತವೆ. ಸುತ್ತ ಎರಡಡಿ ಯಾವ ಕೊಂಬೆಯೂ ಇಲ್ಲದ ಹಾಗೆ ಸವರುವುದೊಂದೇ ದಾರಿ.

ಮಂಗ ಬಂದರೆ ಕೊರಡಷ್ಟೇ ಅಲ್ಲ, ಕೊಂಬೆಯೂ ಹೋಗುತ್ತದೆ. ತೊಂದರೆ ಅದಷ್ಟೇ ಆಗಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ನಮ್ಮದು ಮಂಗನ ಕಾಯಿಲೆಯ ಸೀಮೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಈ ಕಾಯಿಲೆ ಉಣುಗಿನಿಂದ ಹರಡುತ್ತದೆ, ಮಂಗಗಳೂ ಅದಕ್ಕೆ ಸಾಯುತ್ತವೆ, ಜೋರು ಇರುವುದು ಚಳಿಗಾಲದ ಕೊನೆಯಿಂದ ಬೇಸಿಗೆವರೆಗೆ. ಮನೆ ಹತ್ತಿರ ಮಂಗಗಳನ್ನು ಕರೆದು ಊಟ ಹಾಕುವ ಕೆಲಸ ಯಾರೂ ಮಾಡಬಾರದು. ಹಾಗಾಗಿ ಇಡೀ ಹಣ್ಣು, ಗೊನೆ ನೇತುಹಾಕುವುದು ನಮ್ಮಲ್ಲಿ ಇಲ್ಲವೇ ಇಲ್ಲ. ಹಿಸುಕಿದ ಮುದ್ದೆ ತೂತು ತುಂಬುವಷ್ಟು ಮಾತ್ರ, ಮಂಗ ಕಿತ್ತು ಒಯ್ಯಲು ಏನೂ ಸಿಗಬಾರದು. ಹಿಂಡು ಸುತ್ತಮುತ್ತ ಇದ್ದರೆ ಅಷ್ಟು ದಿನ ಕೊರಡು ಕೊಟ್ಟಿಗೆಯಲ್ಲಿ. ರಾತ್ರಿಯೂ ಒಳಗೇ, ಇಲ್ಲದಿದ್ದರೆ ಕಬ್ಬೆಕ್ಕು ಬಂದು ನೆಕ್ಕಿ ಚೊಕ್ಕ ಮಾಡಿರುತ್ತದೆ. ಕಾಯಿಲೆ ಜೋರಿರುವ ತಿಂಗಳುಗಳಲ್ಲಿ ಬೆಟ್ಟಕ್ಕೆ ಹೋಗುವಾಗ ಉಣುಗು ಹತ್ತದ ಹಾಗೆ ಆರೋಗ್ಯ ಇಲಾಖೆ ಕೊಡುವ ಡೇಪಾ ಎಣ್ಣೆ ಹಚ್ಚಿಕೊಳ್ಳುವುದನ್ನು ತಪ್ಪಿಸಬೇಡಿ.

ಇನ್ನು ಕಾಜಾಣ. ಕೊರಡನ್ನು ಬಯಲಿನಲ್ಲಿ ತೂಗಿದರೆ ಅದು ಎದುರಿನ ಕೊಂಬೆಯಲ್ಲಿ ಕೂತು ಒಂದೊಂದನ್ನೇ ಎತ್ತಿಕೊಳ್ಳುತ್ತದೆ. ಹುಳಿತ ಹಣ್ಣು ಜಾಸ್ತಿ ಹೀರಿದ ಚಿಟ್ಟೆ ನಿಧಾನಕ್ಕೆ ಏಳುತ್ತದೆ, ಕಾಜಾಣಕ್ಕೆ ಅಷ್ಟೇ ಸಾಕು. ತೋಟ ಮುಗಿದು ಬೆಟ್ಟ ಶುರುವಾಗುವ ಅಂಚಿನಲ್ಲಿ, ಬೆಳಗ್ಗೆ ಚುಕ್ಕೆ ಚುಕ್ಕೆ ಬಿಸಿಲು ಬೀಳುವ, ಹಿಂದೆ ಒತ್ತಾದ ಪೊದೆ ಇರುವ ಜಾಗಕ್ಕೆ ಸರಿಸಿದ ಮೇಲೆ ಬೇಟೆ ಕಡಿಮೆಯಾಯಿತು. ಎತ್ತರ ನನ್ನ ಎದೆಮಟ್ಟ. ಇನ್ನೂ ಮೇಲೆ ಕಟ್ಟಿದರೆ ಬ್ಲ್ಯಾಕ್ ರಾಜಾ, ನವಾಬ್ ಥರದ ದಪ್ಪ ಮೈಯ, ರಭಸದ ಚಿಟ್ಟೆಗಳು ಹೆಚ್ಚು ಬರುತ್ತವೆ, ಅವು ಮರದ ನೆತ್ತಿಯ ಕಡೆಯವು.

ಬಂದ ಮೇಲೆ ನೋಡಿದ್ದು

ಕೊರಡಿಗೆ ತರಗೆಲೆ ಚಿಟ್ಟೆ ಬಂದಾಗ ಅರ್ಧ ಸಲ ನೀಲಿ ಕಾಣುವುದೇ ಇಲ್ಲ. ದಡಕ್ಕನೆ ಬಂದು ಕೂತು ರೆಕ್ಕೆ ಮುಚ್ಚುತ್ತದೆ. ಆಮೇಲೆ ಕೂತು ನೋಡಲು ಬೇಕಾದಷ್ಟು ಹೊತ್ತು ಕೊಡುತ್ತದೆ, ಅದಕ್ಕೇ ಇಷ್ಟೆಲ್ಲ ಮಾಡಿದ್ದು. ಮುಂದಿನ ರೆಕ್ಕೆಯ ತುದಿ ಚೂಪಾಗಿ ಎಲೆಯ ತುದಿಯಾಗಿದೆ. ಹಿಂದಿನ ರೆಕ್ಕೆಯಲ್ಲಿ ಸಣ್ಣ ಬಾಲ, ಅದು ತೊಟ್ಟು. ತುದಿಯಿಂದ ತೊಟ್ಟಿನವರೆಗೆ ನಡುವೆ ಕಪ್ಪು ಗೆರೆ, ಎಲೆಯ ನಡುನರ. ಈ ಗೆರೆಯ ಒಂದು ತುಂಡು ಮುಂದಿನ ರೆಕ್ಕೆಯಲ್ಲಿ, ಇನ್ನೊಂದು ಹಿಂದಿನ ರೆಕ್ಕೆಯಲ್ಲಿ ಇದೆ. ಕೂರುವಾಗ ಎರಡೂ ರೆಕ್ಕೆ ಸರಿಯಾಗಿ ಜೋಡಿಸಿಕೊಂಡರೆ ಮಾತ್ರ ಗೆರೆ ಕೂಡುತ್ತದೆ. ಮೇಲೆ ಅಲ್ಲಲ್ಲಿ ಬೂಸಲು ಹಿಡಿದಂತೆ ಚುಕ್ಕೆ, ಹುಳ ತಿಂದ ತೂತಿನಂತೆ ಮುಂದಿನ ರೆಕ್ಕೆಯಲ್ಲಿ ಪಾರದರ್ಶಕ ಕಲೆ. ಒಂದರ ಬಣ್ಣ ಇನ್ನೊಂದಕ್ಕಿಲ್ಲ. ಒಂದು ಹಳದಿಗಂದು, ಒಂದು ಕೆಂಪುಗಂದು, ಒಂದು ಬೂದಿ. ಎಲ್ಲವೂ ಒಂದೇ ಥರ ಇದ್ದರೆ ಹಕ್ಕಿಗಳು ಆ ಒಂದು ರೂಪವನ್ನು ಕಲಿತುಬಿಡುತ್ತಿದ್ದವು, ದರಕಿನಲ್ಲಿ ಎಲ್ಲ ಎಲೆಯೂ ಒಂದೇ ಬಣ್ಣ ಇರುವುದಿಲ್ಲವಲ್ಲ.

ಇಷ್ಟು ನಾಜೂಕು ಒಮ್ಮೆಗೇ ಹೇಗೆ ಬಂತು ಅಂತ ಡಾರ್ವಿನ್ ಕಾಲದಿಂದ ಜಗಳ ಇತ್ತು. ಆಲ್ಫ್ರೆಡ್ ರಸೆಲ್ ವಾಲೇಸ್ ಸುಮಾತ್ರಾದಲ್ಲಿ ಇದರ ದಾಯಾದಿ ಚಿಟ್ಟೆಯನ್ನು ಹಿಂಬಾಲಿಸಿ, ಕಣ್ಣೆದುರೇ ಅದು ಮಾಯವಾದದ್ದನ್ನು ಬರೆದಿದ್ದಾರೆ. 2014ರಲ್ಲಿ ಜಪಾನಿನ ಸಂಶೋಧಕರು ಕ್ಯಾಲಿಮಾ ಮತ್ತು ಅದರ ಬಳಗದ ಚಿಟ್ಟೆಗಳ ರೆಕ್ಕೆಯ ಗೆರೆಗಳನ್ನು ಒಂದೊಂದಾಗಿ ಹೋಲಿಸಿ, ಮಾಮೂಲಿ ಚಿಟ್ಟೆಯ ಗೆರೆಗಳೇ ಹಂತ ಹಂತವಾಗಿ ಸರಿದು ಎಲೆಯಾದವು ಅಂತ ತೋರಿಸಿದರು. 2022ರಲ್ಲಿ ಬಂದ ಇನ್ನೊಂದು ಅಧ್ಯಯನ, ಎಲೆಯ ಈ ಬೇರೆ ಬೇರೆ ನಮೂನೆಗಳ ಹಿಂದೆ ಕಾರ್ಟೆಕ್ಸ್ ಅನ್ನುವ ಜೀನ್ ಇದೆ ಅಂತ ಹೇಳಿತು. ಅದು ಹಿಮಾಲಯ, ಈಶಾನ್ಯದ ಕಡೆ ಸಿಗುವ ಕಿತ್ತಳೆ ಪಟ್ಟಿಯ ಕ್ಯಾಲಿಮಾ ಇನಾಕಸ್ ಮೇಲೆ ನಡೆದ ಕೆಲಸ. ನಮ್ಮದಕ್ಕೆ ಪಟ್ಟಿ ಬಿಳಿಚು ನೀಲಿ, ಗುರುತು ಹಿಡಿಯಲು ಅಷ್ಟು ಸಾಕು. ಆಟಮ್ ಲೀಫ್ ಅಂತ ಇನ್ನೊಂದು ಎಲೆ ಚಿಟ್ಟೆ ನಮ್ಮ ಕಾಡಲ್ಲೂ ಇದೆ, ಅದು ಬಿಚ್ಚಿದರೆ ಕಿತ್ತಳೆಗಂದು, ನೀಲಿ ಇಲ್ಲ.

ನನಗೆ ವಿಚಿತ್ರ ಅನಿಸುವುದು ಇಷ್ಟೇ. ದರಕಿನ ಮೇಲೆ ಕೂತರೆ ಕಾಣದ ಚಿಟ್ಟೆ ಕಪ್ಪು ಮತ್ತಿ ತೊಗಟೆಯ ಮೇಲೆ ಎದ್ದು ಕಾಣುತ್ತದೆ, ಆದರೂ ಕಲ್ಲಿನ ಹಾಗೆ ಅಲುಗದೆ ಕೂರುತ್ತದೆ.

ಗುರಿಗೆ ಗಿಡ ಇಲ್ಲದಿದ್ದರೆ ಕೊರಡು ದಂಡ

ಕೊರಡು ಚಿಟ್ಟೆಯನ್ನು ತೋರಿಸುತ್ತದೆ, ಹುಟ್ಟಿಸುವುದಿಲ್ಲ. ಇದರ ಹುಳ ತಿನ್ನುವುದು ಗುರಿಗೆ, ಅಂದರೆ ಕುರಿಂಜಿ ಜಾತಿಯ ಗಿಡ, ಮತ್ತು ಅದರ ಕುಟುಂಬದ ಇನ್ನು ಕೆಲವು. ಹುಳ ಕಪ್ಪಗೆ, ಮೈತುಂಬ ಮುಳ್ಳು, ನೋಡಿದವರು ಕಾಲಲ್ಲಿ ಉಜ್ಜುವ ಥರದ್ದು. ಗುರಿಗೆ ಬೆಳೆಯುವುದು ಮರದ ನೆರಳಲ್ಲಿ, ಸೊಪ್ಪಿನ ಬೆಟ್ಟದ ಅಡಿಗಿಡವಾಗಿ. ನಮ್ಮ ಜಿಲ್ಲೆಯಲ್ಲಿ ಒಂದು ಎಕರೆ ಅಡಿಕೆ ತೋಟಕ್ಕೆ 9 ಎಕರೆವರೆಗೆ ಬೆಟ್ಟ ಬಿಟ್ಟುಕೊಟ್ಟ ಪದ್ಧತಿ ಬ್ರಿಟಿಷರ ಕಾಲದಿಂದ ಇದೆ, ಸೊಪ್ಪು, ದರಕು ತರಲು. ದರಕು ಗುಡಿಸಲು ಅನುಕೂಲ ಅಂತ ಅಡಿಗಿಡವನ್ನೆಲ್ಲ ಸವರಿ ಬೋಳು ಮಾಡಿದರೆ ಬೆಟ್ಟ ಚೊಕ್ಕ ಕಾಣುತ್ತದೆ, ಮರವೂ ಉಳಿಯುತ್ತದೆ, ಚಿಟ್ಟೆ ಮಾತ್ರ ಹೋಗುತ್ತದೆ.

ಹಾಗಾಗಿ ಬೆಟ್ಟದ ಒಂದು ಮಗ್ಗುಲು ಸವರದೆ ಬಿಟ್ಟಿದ್ದೇವೆ. ಕೆಲಸಕ್ಕೆ ಬರುವವರಿಗೆ ಗೊತ್ತಾಗಲಿ ಅಂತ ಅಂಚಿಗೆ ಅಡಿಕೆ ದಬ್ಬೆ ಹುಗಿದು ಹಳೆ ಬಟ್ಟೆ ಕಟ್ಟಿದ್ದು. ಮಳೆ ಹಿಡಿದ ಮೇಲೆ ಗೆಣ್ಣಿರುವ ಗುರಿಗೆ ಕಡ್ಡಿ ಮುರಿದು ನೆರಳಲ್ಲಿ ಊರಿದರೆ ಬೇರು ಬಿಡುತ್ತದೆ, ಖಾಲಿ ಜಾಗಕ್ಕೆ ಹಾಗೆ ತುಂಬಿಸುತ್ತಿದ್ದೇವೆ. ಒಂದೇ ಬಗೆಯ ಗುರಿಗೆ ಹಾಕಬೇಡಿ. ಕೆಲವು ಜಾತಿಗಳು ಏಳೆಂಟು ವರ್ಷಕ್ಕೆ, ಕೆಲವು 12 ವರ್ಷಕ್ಕೆ ಒಟ್ಟಿಗೇ ಹೂ ಬಿಟ್ಟು, ಬೀಜ ಉದುರಿಸಿ, ಒಟ್ಟಿಗೇ ಸಾಯುತ್ತವೆ. ಹೊಸ ಸಸಿ ಎದ್ದು ಎಲೆ ತುಂಬುವವರೆಗೆ ಹುಳಕ್ಕೆ ಆ ಗಿಡದಿಂದ ಏನೂ ಇಲ್ಲ. ಎರಡು ಮೂರು ಬಗೆ ಇದ್ದರೆ ಒಂದು ಹೋದರೂ ಇನ್ನೊಂದು ಇರುತ್ತದೆ.

ಸದ್ಯಕ್ಕೆ ಕೊರಡಿನ ಕೆಳಗಿನ ಮೂರನೇ ಒಂದು ಭಾಗ ತೊಗಟೆ ಸಡಿಲವಾಗಿದೆ. ಗಾಳಿಮಳೆಗೆ ಇನ್ನೊಂದು ಮತ್ತಿ ಕೊಂಬೆ ಬಿದ್ದರೆ ಬೋಲ್ಟು, ತಗಡು, ಬಾಟಲಿ ಎಲ್ಲ ಹಾಗೇ ಬಿಚ್ಚಿ ಅದಕ್ಕೆ ಹಾಕುವುದು. ಹೊಸದರಲ್ಲಿ ತೂತುಗಳನ್ನು ಕೊರಡಿನ ಮೇಲರ್ಧಕ್ಕಷ್ಟೇ ಹೊಡೆಯಬೇಕು ಅಂತಿದ್ದೇನೆ. ಕೆಳಗಿನ ಅರ್ಧ ಗೀರಿನಲ್ಲಿ ಇಳಿಯುವ ರಸದಿಂದಲೇ ಒದ್ದೆ ಇರುತ್ತದೆ, ಮರ ಕೊಳೆಯುವುದೂ ತಡವಾಗಬಹುದು.